ಶಾಲೆಯ ಗಾಳಿ ಮತ್ತು ಮಾಸ್ತರರ ಮೈ

ಶಾಲೆಗಳ ವಾರ್ಷಿಕ ಸಂಚಿಕೆಗಳಿಗೆ ಒಂದು ಪರಿಪಾಠವುಂಟು. ಪರೀಕ್ಷೆಯ ಫಲಿತಾಂಶ, ಕ್ರೀಡಾಕೂಟದಲ್ಲಿ ಗೆದ್ದ ಢಾಲುಗಳು, ಹೊಸದಾಗಿ ಎದ್ದು ನಿಂತ ಕೊಠಡಿಗಳು, ಅವುಗಳಿಗೆ ಉದಾರವಾಗಿ ನೆರವಿತ್ತ ಮಹನೀಯರ ನಾಮಾವಳಿ, ಇವೆಲ್ಲ ವರುಷ ವರುಷವೂ ತಪ್ಪದೆ ದಾಖಲಾಗುತ್ತವೆ. ಮುಂದೊಂದು ಕಾಲಕ್ಕೆ ಜಿಜ್ಞಾಸುವೊಬ್ಬನು 2020 ಮತ್ತು 2021ರ ಪುಟಗಳನ್ನು ಅರಸಿ ಹೋದರೆ ಅವನಿಗೆ ದೊರೆಯುವುದು ಅತ್ಯಲ್ಪ. ಕ್ರೀಡೆ ನಡೆಯಲಿಲ್ಲ, ಸ್ನೇಹ ಸಮ್ಮೇಳನ ನಡೆಯಲಿಲ್ಲ, ಮಠಗಳ ಪ್ರಸಾದ ನಿಲಯಗಳಲ್ಲಿ ಪಂಕ್ತಿ ಕೂಡಲಿಲ್ಲ. 2020ರ ಮಾರ್ಚ್ ತಿಂಗಳಿನಲ್ಲಿ ಚೀಲ ಹೆಗಲಿಗೇರಿಸಿ ಮನೆಗೆ ಹೋದ ಕರ್ನಾಟಕದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮರಳಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳುಗಳ ಅವಧಿ ಅದು. ಒಂದನೆಯ ತರಗತಿಯ ಬಾಗಿಲನ್ನೇ ಕಾಣದೆ ಎರಡನೆಯ ತರಗತಿಗೆ ಬಂದು ಕುಳಿತ ಮಕ್ಕಳು ನಾಡಿನ ಪ್ರತಿಯೊಂದು ಊರಿನಲ್ಲಿಯೂ ಇದ್ದರು.

ಶಾಲೆ ಮುಚ್ಚಿತ್ತೆಂಬುದು ಸರ್ವವಿದಿತ. ಶಾಲೆ ಮುಚ್ಚಿದಾಗ ಶಿಕ್ಷಕರು ಏನು ಮಾಡುತ್ತಿದ್ದರೆಂಬುದು ಅಷ್ಟು ವಿದಿತವಲ್ಲ. ಕಟ್ಟೆಯ ಮೇಲೆ ಕುಳಿತವರು ಆಗ ಸುಲಭವಾಗಿ ಆಡಿಬಿಟ್ಟ ಮಾತೆಂದರೆ ಮಾಸ್ತರರಿಗೆ ಮನೆಯಲ್ಲಿ ಕುಳಿತು ಪಗಾರ ಎಂಬುದು. ವಸ್ತುಸ್ಥಿತಿ ಹಾಗಿರಲಿಲ್ಲ. ದೇಶದಲ್ಲಿ ಕೊರೋನಾ ಸೋಂಕಿನಿಂದಾದ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರದು. ಅದಾದ ಎರಡು ವಾರಗಳಲ್ಲಿ ಇಡೀ ದೇಶವೇ ಮನೆಯೊಳಗೆ ಸೇರಿತು. ಎಲ್ಲರೂ ಒಳಗೆ ಹೋದಾಗ ಹೊರಗೆ ಬರಬೇಕಾಗಿ ಬಂದ ಕೆಲವೇ ವರ್ಗಗಳಲ್ಲಿ ಶಿಕ್ಷಕವರ್ಗವೂ ಒಂದು. ಅಕ್ಷರ ದಾಸೋಹದ ಅಕ್ಕಿ ಬೇಳೆಗಳನ್ನು ಅಳೆದು ಮಕ್ಕಳ ಮನೆಗೆ ಮುಟ್ಟಿಸುವುದು, ಮನೆಮನೆಗೆ ಹೋಗಿ ಜ್ವರ ಕೆಮ್ಮುಗಳ ಲೆಕ್ಕ ಬರೆಯುವುದು, ತಪಾಸಣಾ ಠಾಣೆಗಳಲ್ಲಿ ರಾತ್ರಿ ಕೂಡುವುದು, ಸೋಂಕಿತರ ಸಂಪರ್ಕಕ್ಕೆ ಬಂದವರ ಯಾದಿ ತಯಾರಿಸುವುದು, ಇವೆಲ್ಲ ಅವರ ಪಾಲಿಗೆ ಬಂದವು. ಜೂನ್ 25ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು. ಎಂಟು ಲಕ್ಷಕ್ಕೂ ಮಿಕ್ಕಿ ಮಕ್ಕಳು ಹೆಸರು ನೋಂದಾಯಿಸಿದ್ದ ಆ ಪರೀಕ್ಷೆಗೆ ದ್ವಾರದಲ್ಲಿ ಜ್ವರ ನೋಡಿ, ಮುಖಗವಸು ಕೊಟ್ಟು, ದೂರ ದೂರ ಕೂಡಿಸಿ, ಜ್ವರವಿದ್ದವರಿಗೆ ಪ್ರತ್ಯೇಕ ಕೊಠಡಿ ಮಾಡಿ ನಡೆಸಿಕೊಟ್ಟವರೂ ಅವರೇ. ಜುಲೈ ತಿಂಗಳಿನಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದಾಗ ಯಾರ ಮನೆಯಲ್ಲಿ ದೂರದರ್ಶನವಿದೆ, ಯಾರ ಮನೆಯಲ್ಲಿಲ್ಲ ಎಂಬ ಗಣತಿಯೂ ಅವರ ಮೇಲೆಯೇ ಬಿತ್ತು.

ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ 'ವಿದ್ಯಾಗಮ' ಬಂದಿತು. ಇದನ್ನು ಸ್ವಲ್ಪ ನಿಂತು ನೋಡಬೇಕು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂಬುದು ಅದರ ಆಶಯ. ಗುಡಿಯ ಕಟ್ಟೆ, ಸಮುದಾಯ ಭವನದ ಜಗಲಿ, ಬೇವಿನ ಮರದ ನೆರಳು, ದನದ ಕೊಟ್ಟಿಗೆಯ ಮುಂದಿನ ಅಂಗಳ, ಎಲ್ಲಿ ಹತ್ತಿಪ್ಪತ್ತು ಮಕ್ಕಳು ಬಿಡಿಬಿಡಿಯಾಗಿ ಕೂಡಬಹುದೋ ಅದೇ ತರಗತಿ. ಅನೇಕ ಹಿರಿಯರಿಗೆ ತಮ್ಮ ಬಾಲ್ಯದ ಗಾಂವಠಿ ಶಾಲೆ ಕಣ್ಣಿಗೆ ಕಟ್ಟಿರಬೇಕು. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಈ ಕಲ್ಪನೆಯಲ್ಲಿ ದೋಷವಿರಲಿಲ್ಲ. ಬಯಲಿನ ಗಾಳಿಗಿಂತ ಸುರಕ್ಷಿತವಾದ ಸ್ಥಳ ಅಂಟುಜಾಡ್ಯದ ಕಾಲದಲ್ಲಿ ಬೇರೊಂದಿಲ್ಲ. ಜರ್ಮನಿಯ ಚಾರ್ಲೊಟ್ಟೆನ್‌ಬರ್ಗ್‌ನಲ್ಲಿ 1904ರಲ್ಲಿಯೇ ಕ್ಷಯದ ಭಯವಿದ್ದ ಮಕ್ಕಳಿಗಾಗಿ ಪೈನ್ ಮರಗಳ ನಡುವೆ ಶಾಲೆ ತೆರೆದಿದ್ದರು. ಅಮೆರಿಕೆಯ ಪ್ರಾವಿಡೆನ್ಸ್ ನಗರದಲ್ಲಿ 1908ರಲ್ಲಿ ಕೊರೆಯುವ ಚಳಿಗಾಲದಲ್ಲಿಯೂ ಕಿಟಕಿಗಳನ್ನು ಮುಚ್ಚದೆ, ಮಕ್ಕಳಿಗೆ ಕಂಬಳಿ ಹೊದಿಸಿ ಪಾಠ ಮಾಡಿದರು. ನಮ್ಮ ಮುದುಕರ ಮಾತಿನಲ್ಲಿ ಪ್ಲೇಗಿನ ಕಾಲದ ನೆನಪು ಇನ್ನೂ ಉಳಿದಿದ್ದ ದಿನಗಳಲ್ಲಿ, ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ ವೃತ್ತಾಂತವನ್ನು ಕೇಳದ ಮಕ್ಕಳಿರಲಿಲ್ಲ. ಬಯಲಿಗೆ ಹೋಗುವುದು ಈ ನಾಡಿಗೆ ಹೊಸತಲ್ಲ.

ಆದರೂ ವಿದ್ಯಾಗಮವನ್ನು ಅಕ್ಟೋಬರ್ ತಿಂಗಳಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಮಕ್ಕಳಿಗೆ ಸೋಂಕು ತಗುಲಿದ, ಶಿಕ್ಷಕರು ತೀರಿಕೊಂಡ ವಾರ್ತೆಗಳು ಪತ್ರಿಕೆಗಳಲ್ಲಿ ಒಂದರ ಮೇಲೊಂದು ಬರತೊಡಗಿದ್ದವು. ಯೋಜನೆಯಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಒಡೆದಿದ್ದರು. ಆದರೆ ಗುರುವನ್ನು ಒಡೆಯಲು ಬರುವುದಿಲ್ಲವಷ್ಟೆ. ಈ ಓಣಿಯ ಗುಂಪಿನಿಂದ ಆ ಓಣಿಯ ಗುಂಪಿಗೆ, ಅಲ್ಲಿಂದ ತಾಂಡಾಕ್ಕೆ, ತಾಂಡಾದಿಂದ ತೋಟದ ಮನೆಗಳಿಗೆ ಅಲೆದವರು ಅದೇ ಒಬ್ಬ ಮಾಸ್ತರರು, ಅದೇ ಒಬ್ಬ ಅಕ್ಕೋರು. ಮಕ್ಕಳು ಪರಸ್ಪರ ಸಂಧಿಸದಂತೆ ಎಚ್ಚರ ವಹಿಸಿದ ವ್ಯವಸ್ಥೆಯಲ್ಲಿ ಎಲ್ಲರನ್ನೂ ಸಂಧಿಸುವ ವ್ಯಕ್ತಿ ಒಬ್ಬರೇ ಉಳಿದರು. ಐವತ್ತು ದಾಟಿದವರು, ಮಧುಮೇಹದವರು, ರಕ್ತದೊತ್ತಡದವರು ಅವರಲ್ಲಿ ಎಷ್ಟು ಜನರೆಂಬುದನ್ನು ಮೊದಲೇ ಕೇಳಿ ಕೆಲಸ ಹಂಚಿದ್ದರೆ ಒಳಿತಾಗುತ್ತಿತ್ತು.

ಈ ಸಂದರ್ಭದಲ್ಲಿ ಸಮಾಜವು ಶಿಕ್ಷಕರಿಗೆ ಧಾರಾಳವಾಗಿ ಕೊಟ್ಟದ್ದು ಹೊಗಳಿಕೆಯನ್ನು. ಕೊರೋನಾ ಸೇನಾನಿ ಎಂಬ ಬಿರುದು, ಒಂದು ಶಾಲು, ಒಂದು ಪ್ರಶಸ್ತಿ ಪತ್ರ. ತ್ಯಾಗವನ್ನು ಕೊಂಡಾಡುವುದು ನಮ್ಮ ಜನರ ಒಳ್ಳೆಯ ಗುಣ. ತ್ಯಾಗದ ಅವಶ್ಯಕತೆಯೇ ಬೀಳದಂತೆ ವ್ಯವಸ್ಥೆ ಮಾಡುವುದು ಅಷ್ಟಾಗಿ ಅಭ್ಯಾಸವಿಲ್ಲ. ಸಾವಿತ್ರಿಬಾಯಿ ಫುಲೆಯವರು ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಮಗ ಯಶವಂತನೊಡನೆ ಊರ ಹೊರಗೆ ರೋಗಿಗಳ ಶುಶ್ರೂಷೆಗೆ ನಿಂತರು. ರೋಗಿಗಳ ಆರೈಕೆಯಲ್ಲಿಯೇ ಸೋಂಕು ತಗುಲಿ ತೀರಿಕೊಂಡರು. ಅದು 1897ರ ಮಾರ್ಚ್ 10. ಕಲಬುರಗಿಯ ಆ ಮೊದಲ ಸಾವೂ ಮಾರ್ಚ್ 10ರಂದೇ ಸಂಭವಿಸಿತೆಂಬುದು ಕಾಕತಾಳೀಯ. ಈ ದೇಶದ ಶಿಕ್ಷಕಿಯರ ಹಿರಿಯಕ್ಕನಾದ ಆ ತಾಯಿಯ ಮರಣವು ಪೂಜ್ಯವಾದುದು. ಆದರೆ ಅದು ಆಕೆ ತಾನಾಗಿ ಆರಿಸಿಕೊಂಡ ಮಾರ್ಗ. ಆಜ್ಞಾಪತ್ರ ಕೊಟ್ಟು ಕಳಿಸಿದವರ ಮರಣವನ್ನು ಅದೇ ಹೂಮಾಲೆಯಿಂದ ಮುಚ್ಚಲು ಬರುವುದಿಲ್ಲ.

ಉತ್ತರ ಪ್ರದೇಶದಲ್ಲಿ 2021ರ ಏಪ್ರಿಲ್ ತಿಂಗಳಿನಲ್ಲಿ, ಎರಡನೆಯ ಅಲೆ ಏರುತ್ತಿದ್ದಾಗಲೇ, ಪಂಚಾಯತಿ ಚುನಾವಣೆಗಳು ನಡೆದವು. ಮತಗಟ್ಟೆಗಳಲ್ಲಿ ಕೂತವರಲ್ಲಿ ಬಹುಸಂಖ್ಯಾತರು ಪ್ರಾಥಮಿಕ ಶಾಲೆಯ ಶಿಕ್ಷಕರು. ಚುನಾವಣೆಯ ಕರ್ತವ್ಯದ ಬಳಿಕ ತೀರಿಕೊಂಡ 1,621 ಜನ ಶಿಕ್ಷಕರು ಮತ್ತು ಸಿಬ್ಬಂದಿಯ ಯಾದಿಯನ್ನು ಅಲ್ಲಿನ ಶಿಕ್ಷಕ ಸಂಘ ಸರ್ಕಾರದ ಮುಂದಿಟ್ಟಿತು. ನಿಯಮದ ಪ್ರಕಾರ ಲೆಕ್ಕಕ್ಕೆ ಬರುವವರು ಮೂವರು ಮಾತ್ರವೆಂದು ಸರ್ಕಾರ ಮೊದಲು ಹೇಳಿತು; ಮನೆಯಿಂದ ಹೊರಟು ಕೆಲಸ ಮುಗಿಸಿ ಮನೆಗೆ ಮರಳುವುದರೊಳಗೆ ಸತ್ತವರು ಮಾತ್ರ ಕರ್ತವ್ಯದ ಮೇಲೆ ಸತ್ತವರೆಂಬುದು ಹಳೆಯ ನಿಯಮ. ಈ ರೋಗವು ಮೈಯನ್ನು ಹೊಕ್ಕ ದಿನವೇ ಕೊಲ್ಲುವುದಿಲ್ಲ, ವಾರಗಟ್ಟಲೆ ಕಾಯುತ್ತದೆ ಎಂಬುದನ್ನು ಆ ನಿಯಮ ಬರೆದವರು ಊಹಿಸಿರಲಿಕ್ಕಿಲ್ಲ. ಕಡೆಗೆ ಕರ್ತವ್ಯದ ದಿನದಿಂದ 30 ದಿನಗಳವರೆಗೆ ಆ ಅವಧಿಯನ್ನು ವಿಸ್ತರಿಸಿ ಪರಿಹಾರ ಕೊಟ್ಟರು. 3 ಮತ್ತು 1,621, ಈ ಎರಡು ಅಂಕಿಗಳ ನಡುವಣ ಅಂತರವೇ ಶಿಕ್ಷಕರ ಕ್ಷೇಮವೆಂಬ ಪ್ರಶ್ನೆ.

ಇನ್ನು ರೋಗವು ಶಾಲೆಯೊಳಗೆ ಹರಡುವ ಬಗೆಯನ್ನು ಕುರಿತು ಒಂದೆರಡು ಮಾತು. ಪ್ರಾರಂಭದಲ್ಲಿ ಎಲ್ಲರ ಲಕ್ಷ್ಯವೂ ಕೈಗಳ ಮೇಲೆ, ಬಾಗಿಲ ಚಿಲಕದ ಮೇಲೆ, ಬೆಂಚಿನ ಮೇಲೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್ 28ರಂದು ಈ ರೋಗ ಗಾಳಿಯಿಂದ ಹರಡುವಂತಹದಲ್ಲವೆಂದು ಸಾರಿತ್ತು. ಆ ಜುಲೈ ತಿಂಗಳಿನಲ್ಲಿ 239 ಜನ ವಿಜ್ಞಾನಿಗಳು ಒಂದು ಬಹಿರಂಗ ಪತ್ರವನ್ನು ಬೆಂಬಲಿಸಿ, ಉಸಿರಿನಲ್ಲಿ ಮಾತಿನಲ್ಲಿ ಹೊರಬೀಳುವ ಅತಿಸೂಕ್ಷ್ಮ ಕಣಗಳು ಕೊಠಡಿಯ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆಂದು ಎಚ್ಚರಿಸಿದರು. 2021ರಲ್ಲಿ ಸಂಸ್ಥೆಯೂ ಅದನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ನಮ್ಮ ಶಾಲೆಗಳು ನೆಲಕ್ಕೆ ಗೋಡೆಗೆ ಔಷಧ ಸಿಂಪಡಿಸಲು ಸಾಕಷ್ಟು ಹಣ ಸುರಿದಿದ್ದವು. ಕೈ ತೊಳೆಯುವುದು ಬೇಡವೆಂದು ಇದರ ಅರ್ಥವಲ್ಲ. ವಾಂತಿ ಭೇದಿಗಳಿಂದ ಮಕ್ಕಳನ್ನು ಕಾಯುವುದು ಸಾಬೂನೇ. ಊಟಕ್ಕೆ ಮುನ್ನ ಸಾಲಾಗಿ ನಿಂತು ಕೈ ತೊಳೆಯುವ ಅಭ್ಯಾಸ ಈಗ ಮತ್ತೆ ಸಡಿಲಾಗುತ್ತಿರುವುದು ವಿಷಾದಕರ. ಆದರೆ ಉಸಿರಿನ ರೋಗಕ್ಕೆ ಮದ್ದು ನೆಲದಲ್ಲಿಲ್ಲ, ಗಾಳಿಯಲ್ಲಿದೆ.

ಗಾಳಿಯ ಶಕ್ತಿಯನ್ನು ತಿಳಿಯಲು ಅಮೆರಿಕೆಯ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕಣಿವೆಯ ಒಂದು ಗಾಯನ ಮಂಡಳಿಯ ವೃತ್ತಾಂತ ಸಾಕು. ಅದೇ 2020ರ ಮಾರ್ಚ್ 10ರಂದು 61 ಜನ ಒಂದೆಡೆ ಸೇರಿ ಎರಡೂವರೆ ಗಂಟೆ ಹಾಡಿನ ತಾಲೀಮು ನಡೆಸಿದರು. ಒಬ್ಬರಿಗೆ ಸಣ್ಣಗೆ ನೆಗಡಿಯಿತ್ತು. ಅವರನ್ನೂ ಸೇರಿಸಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಮುಚ್ಚಿದ ಸಭಾಂಗಣದಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ನಡೆಸುವ ಶಾಲೆಗಳವರು ಇದನ್ನು ಎರಡು ಸಲ ಓದಬೇಕು. ಪ್ರಾರ್ಥನೆಯನ್ನು ಅಂಗಳಕ್ಕೆ ತಂದರೆ ಭಕ್ತಿಗೆ ಲೋಪವೇನೂ ಬಾರದು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ದೀರ್ಘಕಾಲ ಮಾತನಾಡುವವರು ಶಿಕ್ಷಕರು. ಅಂದಮೇಲೆ ಕೊಠಡಿಯ ಗಾಳಿಗೆ ಹೆಚ್ಚು ಉಸಿರು ಸೇರಿಸುವವರೂ ಅವರೇ, ಗಂಟೆಗೊಂದು ಕೊಠಡಿ ಬದಲಿಸುತ್ತ ಇಡೀ ಶಾಲೆಯ ಉಸಿರನ್ನು ಒಳಗೆಳೆಯುವವರೂ ಅವರೇ.

ಹಳೆಯ ಕಾಲದ ಕಟ್ಟಡಗಳು ಇದನ್ನು ಬಲ್ಲಂತೆ ತೋರುತ್ತವೆ. ಮಂಗಳೂರು ಹಂಚಿನ ಎತ್ತರದ ಮಾಡು, ಗೋಡೆಯ ನೆತ್ತಿಯಲ್ಲಿ ಗವಾಕ್ಷಿ, ಎದುರುಬದುರು ಕಿಟಕಿ, ಉದ್ದಕ್ಕೂ ಪಡಸಾಲೆ. ಬಿಸಿಗಾಳಿ ಮೇಲೇರಿ ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು, ತಂಪುಗಾಳಿ ಕೆಳಗಿನಿಂದ ಒಳಗೆ ಬರುತ್ತಿತ್ತು. ಕಾಂಕ್ರೀಟಿನ ಛಾವಣಿ ತಗ್ಗಿತು, ಗವಾಕ್ಷಿ ಹೋಯಿತು. ಕಿಟಕಿ ಒಂದೇ ಬದಿಗೆ ಉಳಿದು, ಧೂಳು ಬರುತ್ತದೆ, ಗದ್ದಲ ಕೇಳುತ್ತದೆ, ಕೋತಿ ನುಗ್ಗುತ್ತದೆ ಎಂಬ ಕಾರಣಗಳಿಂದ ಅದೂ ಮುಚ್ಚಿತು. ಒಳಗೆ ಪಂಖಾ ತಿರುಗುತ್ತಿದ್ದರೆ ಗಾಳಿಯಾಡುತ್ತಿದೆಯೆಂಬ ಭ್ರಮೆ. ಮುಚ್ಚಿದ ಕೋಣೆಯ ಪಂಖಾ ಅದೇ ಗಾಳಿಯನ್ನು ಎಲ್ಲರಿಗೂ ಸಮನಾಗಿ ಬಡಿಸುತ್ತದೆ, ಅಷ್ಟೆ. ಅಮೆರಿಕೆಯ ಜಾರ್ಜಿಯಾ ರಾಜ್ಯದ 169 ಪ್ರಾಥಮಿಕ ಶಾಲೆಗಳನ್ನು 2020ರ ಕೊನೆಯಲ್ಲಿ ಪರಿಶೀಲಿಸಿದಾಗ, ಗಾಳಿಯ ವ್ಯವಸ್ಥೆಯನ್ನು ಸುಧಾರಿಸಿದ ಶಾಲೆಗಳಲ್ಲಿ ಸೋಂಕು ಶೇಕಡಾ 39ರಷ್ಟು, ಶಿಕ್ಷಕರು ಸಿಬ್ಬಂದಿಗಳಿಗೆ ಮುಖಗವಸು ಕಡ್ಡಾಯ ಮಾಡಿದ ಶಾಲೆಗಳಲ್ಲಿ ಶೇಕಡಾ 37ರಷ್ಟು ಕಡಿಮೆ ಕಂಡುಬಂದಿತು. ಕಿಟಕಿ ತೆರೆಯುವುದಕ್ಕೆ ಖರ್ಚಿಲ್ಲ. ಎದುರು ಗೋಡೆಗೆ ಹೊಸ ಕಿಟಕಿ ಒಡೆಸಿ, ಜಾಳಿಗೆ ಹಾಕಿಸುವುದಕ್ಕೆ ಸ್ವಲ್ಪ ಖರ್ಚುಂಟು. ದಾನಿಗಳು ಕೊಠಡಿ ಕಟ್ಟಿಸಿ ಅದರ ಬಾಗಿಲ ಮೇಲೆ ತಂದೆತಾಯಿಗಳ ಹೆಸರು ಕೆತ್ತಿಸುತ್ತಾರೆ. ಕಿಟಕಿಯ ಮೇಲೆ ಹೆಸರು ಕೆತ್ತಿಸಿದ ಪುಣ್ಯಾತ್ಮರು ಕಾಣಸಿಗುವುದು ಅಪರೂಪ. ಕೆತ್ತಿಸಿಕೊಳ್ಳಲು ಅಲ್ಲಿಯೂ ಸ್ಥಳವಿದೆ.

ಆದರೆ ಕಿಟಕಿಯೊಂದೇ ಸಾಲದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ 2021ರ ಮೇ ತಿಂಗಳಿನಲ್ಲಿ ನಡೆದ ಸಂಗತಿಯೇ ಸಾಕ್ಷಿ. ಅಲ್ಲಿ ಬೆಂಚುಗಳನ್ನು ಆರಾರು ಅಡಿ ದೂರವಿರಿಸಿದ್ದರು. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟಿದ್ದರು. ಗಾಳಿ ಸೋಸುವ ಯಂತ್ರವೂ ಇತ್ತು. ಮಕ್ಕಳೆಲ್ಲ ಮುಖಗವಸು ಧರಿಸುತ್ತಿದ್ದರು. ಲಸಿಕೆ ಪಡೆಯದಿದ್ದ ಶಿಕ್ಷಕರೊಬ್ಬರಿಗೆ ಮೂಗು ಕಟ್ಟಿತು, ಮೈ ದಣಿಯಿತು. ಒಗ್ಗದಿಕೆಯಿಂದಾದ ನೆಗಡಿಯಿರಬೇಕೆಂದು ಭಾವಿಸಿ ಪರೀಕ್ಷೆ ಮಾಡಿಸುವ ಮುನ್ನ ಎರಡು ದಿನ ಶಾಲೆಗೆ ಬಂದರು. ಗಟ್ಟಿಯಾಗಿ ಓದಿ ಹೇಳುವಾಗ ಮುಖಗವಸನ್ನು ಕೆಳಗಿಳಿಸುತ್ತಿದ್ದರು. ತರಗತಿಯ 24 ಮಕ್ಕಳಲ್ಲಿ 12 ಮಕ್ಕಳಿಗೆ ಸೋಂಕು ತಗುಲಿತು. ಅದರಲ್ಲಿಯೂ ಮುಂದಿನ ಎರಡು ಸಾಲುಗಳ 10 ಮಕ್ಕಳಲ್ಲಿ 8 ಮಕ್ಕಳಿಗೆ. ಹಿಂದಿನ ಮೂರು ಸಾಲುಗಳ 14 ಮಕ್ಕಳಲ್ಲಿ 4 ಮಕ್ಕಳಿಗೆ.

ಆ ಶಿಕ್ಷಕರನ್ನು ದೂಷಿಸುವುದು ಸುಲಭ. ನಮ್ಮ ಶಾಲೆಗಳಲ್ಲಿ ಜ್ವರವಿದ್ದೂ ಗುಳಿಗೆ ನುಂಗಿ ಬಂದು ಪಾಠ ಮಾಡಿದವರನ್ನೇ ಕರ್ತವ್ಯನಿಷ್ಠರೆಂದು ಬೀಳ್ಕೊಡುಗೆಯ ಸಮಾರಂಭಗಳಲ್ಲಿ ಕೊಂಡಾಡುವುದುಂಟು. ಮೂವತ್ತು ವರ್ಷಗಳಲ್ಲಿ ಒಂದು ದಿನವೂ ರಜೆ ಹಾಕದವರು ಎಂಬುದು ಆ ಭಾಷಣಗಳ ಪರಮ ಪ್ರಶಂಸೆ. ಅಂಟುಜಾಡ್ಯದ ಕಾಲದಲ್ಲಿ ಅದೇ ಗುಣ ಅಪಾಯಕಾರಿಯಾಗುತ್ತದೆಂದು ಅವರಿಗೆ ಯಾರು ಹೇಳಬೇಕು? ಕಾಯಕವೆಂಬ ಮಾತಿನೊಳಗೆ ಕಾಯ ಮೊದಲು ಬರುತ್ತದೆ. ಕಾಯವನ್ನು ಕಡೆಗಣಿಸಿ ಕಾಯಕವನ್ನು ಹೊಗಳುವ ರೂಢಿ ಎಂದಿನಿಂದ ಬಂತೋ ತಿಳಿಯದು. ರಜೆ ಕೇಳಲು ಮಾಸ್ತರರು ಹಿಂಜರಿಯುವುದಕ್ಕೆ ಕಾರಣಗಳೂ ಇವೆ. ಗಣಿತಕ್ಕೆ ಒಬ್ಬರೇ ಇದ್ದಾರೆ; ಅವರು ಬಾರದಿದ್ದರೆ ಆ ತರಗತಿ ಪಕ್ಕದ ತರಗತಿಯೊಡನೆ ಸೇರುತ್ತದೆ, ಅರವತ್ತು ಮಕ್ಕಳು ನೂರಿಪ್ಪತ್ತಾಗುತ್ತಾರೆ. ಫಲಿತಾಂಶ ನೂರಕ್ಕೆ ನೂರು ಬರಬೇಕು. ಅನುದಾನವಿಲ್ಲದ ಶಾಲೆಯಾದರೆ ಬಾರದ ದಿನಕ್ಕೆ ಸಂಬಳವೇ ಇಲ್ಲ.

ಅನುದಾನರಹಿತ ಶಾಲೆಗಳ ಶಿಕ್ಷಕರ ಪಾಡು ಆ ಎರಡು ವರ್ಷಗಳಲ್ಲಿ ಬರೆಯಲಾರದಂತಹದು. ಶುಲ್ಕ ಬಾರದೆ ಸಂಬಳ ಅರ್ಧವಾಯಿತು, ಮತ್ತೆ ಕೆಲವೆಡೆ ನಿಂತೇ ಹೋಯಿತು. ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದವರು ಸಂತೆಯಲ್ಲಿ ಕಾಯಿಪಲ್ಲೆ ಮಾರಿದರು, ಉದ್ಯೋಗ ಖಾತರಿಯ ಕೆಲಸಕ್ಕೆ ಸಲಿಕೆ ಹಿಡಿದು ಹೋದರು. ದುಡಿಮೆಯಲ್ಲಿ ಅವಮಾನವಿಲ್ಲ, ಆದರೆ ಬುಟ್ಟಿಯ ಮುಂದೆ ಹಳೆಯ ವಿದ್ಯಾರ್ಥಿ ಬಂದು ನಿಂತಾಗ ಇಬ್ಬರೂ ತಲೆ ತಗ್ಗಿಸಿದರು. 2021ರ ಜೂನ್ ತಿಂಗಳಿನಲ್ಲಿ ರಾಜ್ಯ ಸರ್ಕಾರ ಇಂತಹ ಶಿಕ್ಷಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಕೊಟ್ಟದ್ದನ್ನು ಅಲ್ಲವೆನ್ನಬಾರದು. ಒಂದು ತಿಂಗಳ ಕಿರಾಣಿ ಬಂದಿರಬಹುದು.

ಮೈಯ ಕ್ಷೇಮಕ್ಕಿಂತ ಮನಸ್ಸಿನ ಕ್ಷೇಮ ಇನ್ನೂ ಕಾಣದಂತಹದು. ಶಾಲೆ ಮರಳಿ ತೆರೆದಾಗ ಹಾಜರಿ ಕೂಗುವುದೇ ಕಠಿಣವಾದ ತರಗತಿಗಳಿದ್ದವು. ತಂದೆಯನ್ನು ಕಳೆದುಕೊಂಡ ಹುಡುಗ ಮೂರನೆಯ ಬೆಂಚಿನಲ್ಲಿ, ಮದುವೆಯಾಗಿ ಹೋದ ಹುಡುಗಿಯ ಸ್ಥಾನ ಖಾಲಿ, ಇಟ್ಟಿಗೆ ಭಟ್ಟಿಗೆ ಹೋದವನು ಬರುವನೋ ಇಲ್ಲವೋ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು 2021ರ ಜನವರಿಯಲ್ಲಿ ಪರಿಶೀಲಿಸಿದಾಗ, ಶೇಕಡಾ 92 ಮಕ್ಕಳು ಹಿಂದೆ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು, ಶೇಕಡಾ 82 ಮಕ್ಕಳು ಗಣಿತದ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಶಾಲೆ ಮುಚ್ಚುವುದು ಎಷ್ಟು ದುಬಾರಿಯ ಔಷಧವೆಂಬುದಕ್ಕೆ ಬೇರೆ ಲೆಕ್ಕ ಬೇಡ. ಆ ಹಳ್ಳವನ್ನು ತುಂಬಲು 2022-23ನೆಯ ಸಾಲಿನಲ್ಲಿ 'ಕಲಿಕಾ ಚೇತರಿಕೆ' ಬಂದಿತು. ತುಂಬಬೇಕಾದವರು ಆ ಎರಡು ವರ್ಷ ದಣಿದು ಬಂದವರೇ. ಅವರಲ್ಲಿಯೂ ಗಂಡನನ್ನು, ಹೆಂಡತಿಯನ್ನು, ಒಡಹುಟ್ಟಿದವರನ್ನು ಮಣ್ಣು ಮಾಡಲೂ ಆಗದೆ ದೂರದಿಂದ ನೋಡಿದವರಿದ್ದರು. ಮಕ್ಕಳ ದುಃಖವನ್ನು ಕೇಳುವ ತರಬೇತಿ ಅವರಿಗೆ ಅಲ್ಲಲ್ಲಿ ದೊರೆಯಿತು. ಅವರ ದುಃಖವನ್ನು ಕೇಳಲು ಸಿಬ್ಬಂದಿಯ ಕೋಣೆಯ ಚಹಾ ಹೊರತು ಬೇರೆ ಏರ್ಪಾಡು ಬಹುತೇಕ ಎಲ್ಲಿಯೂ ಇರಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ ಮೇಲೆ ಈ ಮಾತುಗಳಿಗೆ ಗಿರಾಕಿಗಳು ಕಡಿಮೆ. ಆದರೆ ಗಾಳಿಯಲ್ಲಿ ಬರುವ ಜ್ವರಗಳಿಗೆ ಕೊರೋನಾ ಮೊದಲನೆಯದಲ್ಲ. ದಡಾರ, ಗದ್ದಬಾವು, ಕ್ಷಯ, ಮಳೆಗಾಲದ ಫ್ಲೂ ಇವೆಲ್ಲ ಪ್ರತಿ ವರ್ಷ ಶಾಲೆಯ ಬಾಗಿಲು ತಟ್ಟುವಂತಹವು. 2021ರಲ್ಲಿ ಶಿಕ್ಷಕರ ದಿನಾಚರಣೆಯೊಳಗೆ ದೇಶದ ಶಿಕ್ಷಕರೆಲ್ಲರಿಗೂ ಲಸಿಕೆ ಹಾಕಿಸಲೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ 2 ಕೋಟಿಗೂ ಹೆಚ್ಚು ಡೋಸುಗಳನ್ನು ಪ್ರತ್ಯೇಕವಾಗಿ ಕಳುಹಿಸಿತು. ಶಿಕ್ಷಕರ ಮೈಯನ್ನು ಕಾಯುವುದು ಶಾಲೆ ತೆರೆಯುವುದರ ಮೊದಲ ಹೆಜ್ಜೆಯೆಂದು ಒಪ್ಪಿದ ಅಪರೂಪದ ಕ್ಷಣ ಅದು. ಅದು ಮೊದಲ ವರ್ಷವೇ ಏಕೆ ಹೊಳೆಯಲಿಲ್ಲವೆಂದು ಕೇಳಬೇಡಿ. ಲಸಿಕೆ ಆಗ ಹುಟ್ಟಿರಲಿಲ್ಲ. ಕಿಟಕಿ ಇತ್ತು, ರಜೆ ಇತ್ತು.

ರಜೆಯ ಮಾತು ಬಂದಾಗ ಆಡಳಿತ ಮಂಡಳಿಗಳು ಕೇಳುವ ಪ್ರಶ್ನೆ ನ್ಯಾಯವಾದುದೇ: ಮಾಸ್ತರರು ಮನೆಯಲ್ಲಿ ಮಲಗಿದರೆ ತರಗತಿಗೆ ಯಾರು ಹೋಗಬೇಕು? ಇದಕ್ಕೆ ಉತ್ತರ ಇಂತಹ ಸಂಚಿಕೆಗಳ ಓದುಗರಲ್ಲಿಯೇ ಇದೆ. ಪ್ರತಿಯೊಂದು ಊರಿನಲ್ಲಿಯೂ ನಿವೃತ್ತರಾದ ಗುರುಗಳಿದ್ದಾರೆ, ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾದಿರುವ ಹಳೆಯ ವಿದ್ಯಾರ್ಥಿನಿಯರಿದ್ದಾರೆ. ಅವರ ಹೆಸರು, ವಿಷಯ, ಬರಬಹುದಾದ ದಿನಗಳನ್ನು ಬರೆದ ಒಂದು ಪುಸ್ತಕ ಮುಖ್ಯೋಪಾಧ್ಯಾಯರ ಮೇಜಿನ ಮೇಲಿರಬಹುದು. ಬಂದ ದಿನದ ಗೌರವಧನಕ್ಕೆ, ಸಂಬಳ ಕಡಿತವಿಲ್ಲದೆ ಮಲಗಿದವರ ಸಂಬಳಕ್ಕೆ, ಒಂದು ಸಣ್ಣ ನಿಧಿ ಸಾಕು. ಹೊಸ ಮಹಾದ್ವಾರಕ್ಕೆ ಬೇಕಾಗುವ ಹಣದ ಬಡ್ಡಿಯಲ್ಲಿ ಅದು ನಡೆದೀತು. ಬೆಳಿಗ್ಗೆ ಏಳು ಗಂಟೆಗೆ ಮೈ ಬಿಸಿಯಾಗಿದೆಯೆಂದು ಮಾಸ್ತರರು ದೂರವಾಣಿ ಮಾಡಿದರೆ ಮುಖ್ಯೋಪಾಧ್ಯಾಯರು ಆ ಪುಸ್ತಕ ತೆಗೆದು, ಗಣಿತದ ಪುಟದಲ್ಲಿ ಮೊದಲ ಹೆಸರಿನವರಿಗೆ ಕರೆ ಮಾಡಬೇಕು. ಹತ್ತೂವರೆಗೆ ಗಂಟೆ ಹೊಡೆಯುವುದರೊಳಗೆ ಅವರು ಬಂದು ಎರಡೂ ಬದಿಯ ಕಿಟಕಿ ತೆರೆಸಿ ಪಾಠ ಶುರು ಮಾಡಿರಬೇಕು.